ನಿಮ್ಮ ಪ್ರಶ್ನೆಗೆ ಉತ್ತರ: ನೆಲನೆಲ್ಲಿಯ ಗುರುತು, ಹೆಸರು, ಮದ್ದು

ಕಳೆದ ಸಂಚಿಕೆಯಲ್ಲಿ ಮಳೆಗಾಲದ ಕಳೆಗಿಡಗಳ ಬಗ್ಗೆ ಬರೆಯುವಾಗ ನೆಲನೆಲ್ಲಿಗೆ ಎರಡೇ ಸಾಲು ಕೊಟ್ಟಿದ್ದೆ. ಅದು ಅರಿಶಿನ ಕಾಮಾಲೆಗೆ ಹೆಸರಾದ ಗಿಡ, ಆದರೆ ಎಲ್ಲ ಕಾಮಾಲೆಗೂ ಅದೇ ಮದ್ದಲ್ಲ ಎಂದಷ್ಟೇ ಹೇಳಿದ್ದೆ. ಆ ಎರಡು ಸಾಲಿಗೆ ಬಂದ ಪತ್ರಗಳು ಇಡೀ ಲೇಖನಕ್ಕೆ ಬಂದವಕ್ಕಿಂತ ಹೆಚ್ಚು. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ನೆಲನೆಲ್ಲಿಗೇ ಮೀಸಲಿಟ್ಟಿದ್ದೇನೆ. ಹಲವರು ಮನೆಯವರ ಕಾಯಿಲೆಯ ವಿಷಯವನ್ನು ಬಿಚ್ಚಿ ಬರೆದಿರುವುದರಿಂದ ಯಾರ ಹೆಸರನ್ನೂ ಕೊಡದೆ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅಂಗಳದಲ್ಲಿ ಮಳೆ ಹಿಡಿದ ಕೂಡಲೇ ಎರಡು ಬಗೆಯ ನೆಲನೆಲ್ಲಿ ಏಳುತ್ತದೆ. ಒಂದರ ಕಾಂಡ ಹಸಿರು, ಇನ್ನೊಂದರದು ಕೆಂಪು. ಹಸಿರಿನದೇ ಮದ್ದಿಗೆ ಬರುವುದು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಎರಡೂ ಬೇರೆ ಬೇರೆ ಗಿಡಗಳೇ? ಖಚಿತವಾಗಿ ಗುರುತಿಸುವುದು ಹೇಗೆ?
– ಸಾಗರದ ಓದುಗರು

ಉತ್ತರ: ನಿಮ್ಮ ಅತ್ತೆಯವರ ಮಾತು ಬಹುಮಟ್ಟಿಗೆ ಸರಿಯಾಗಿದೆ. ನೀವು ಹೇಳುವ ಎರಡು ಗಿಡಗಳು ಒಂದೇ ಕುಲಕ್ಕೆ ಸೇರಿದ ಬೇರೆ ಬೇರೆ ಜಾತಿಗಳು. ಹಸಿರು ಕಾಂಡದ್ದು ಫಿಲಾಂಥಸ್ ಅಮರಸ್, ಕೆಂಪು ಕಾಂಡದ್ದು ಫಿಲಾಂಥಸ್ ಯುರಿನೇರಿಯಾ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಬಣ್ಣವೊಂದನ್ನೇ ನಂಬುವಂತಿಲ್ಲ. ಬಿಸಿಲು ಹೆಚ್ಚು ಬೀಳುವ ಜಾಗದಲ್ಲಿ ಹಸಿರು ನೆಲನೆಲ್ಲಿಯ ಬುಡವೂ ಒಮ್ಮೊಮ್ಮೆ ಕೆಂಪಾಗುತ್ತದೆ, ನೆರಳಿನಲ್ಲಿ ಕೆಂಪು ನೆಲನೆಲ್ಲಿಯೂ ಹಸಿರಾಗಿಯೇ ಉಳಿದುಬಿಡುತ್ತದೆ.

ಒಂದು ಗಿಡವನ್ನು ಬೇರುಸಹಿತ ಕಿತ್ತು ಅಂಗೈ ಮೇಲಿಟ್ಟು ನೋಡಿ. ನೇರವಾಗಿ ನಿಲ್ಲುವ ನಡುಕಾಂಡದಲ್ಲಿ ಎಲೆಗಳೇ ಇರುವುದಿಲ್ಲ. ಎಲೆ ಇರಬೇಕಾದ ಕಡೆ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಸಣ್ಣ ಪೊರೆಗಳಿರುತ್ತವೆ. ಆ ಪೊರೆಗಳ ಕಂಕುಳಿನಿಂದ ಅಡ್ಡಕ್ಕೆ ಚಾಚಿಕೊಳ್ಳುವ ತೆಳು ಕಡ್ಡಿಗಳ ಎರಡೂ ಬದಿಗೆ ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದದ ಎಲೆಗಳು ಸಾಲುಗಟ್ಟಿರುತ್ತವೆ. ನೋಡಿದವರಿಗೆ ಅದು ಹುಣಸೆಯ ಎಲೆಯಂತೆ ಒಂದು ಸಂಯುಕ್ತ ಎಲೆಯೆಂದೇ ಅನ್ನಿಸುತ್ತದೆ, ಆದರೆ ಅದು ಎಲೆಯಲ್ಲ, ರೆಂಬೆ. ರೆಂಬೆಯೆಂಬುದಕ್ಕೆ ಸಾಕ್ಷಿ ಅದರ ಅಡಿಯಲ್ಲಿದೆ. ಕಡ್ಡಿಯನ್ನು ಮಗುಚಿದರೆ ಪ್ರತಿ ಎಲೆಯ ಕಂಕುಳಿನಲ್ಲೂ ಎರಡು ಮಿಲಿಮೀಟರ್ ಅಗಲದ, ಮೂರು ಹೋಳಿನ ಪುಟ್ಟ ಕಾಯಿಗಳು ಜೋತುಬಿದ್ದಿರುತ್ತವೆ. ಸಂಯುಕ್ತ ಎಲೆಯ ಎಸಳುಗಳ ಕಂಕುಳಿನಲ್ಲಿ ಹೂವಾಗಲಿ ಕಾಯಾಗಲಿ ಎಂದೂ ಹುಟ್ಟುವುದಿಲ್ಲ. ಹುಣಸೆಯ ಸಸಿ, ಮುಟ್ಟಿದರೆ ಮುನಿಯ ಎಳೆ ಗಿಡ ಮುಂತಾದವನ್ನು ನೆಲನೆಲ್ಲಿಯೆಂದು ಕಿತ್ತು ತರುವ ತಪ್ಪು ಈ ಒಂದು ಗುರುತಿನಿಂದಲೇ ತಪ್ಪುತ್ತದೆ. ಕಾಂಡ ಮುರಿದಾಗ ಹಾಲು ಬಂದರೆ ಅದೂ ನೆಲನೆಲ್ಲಿಯಲ್ಲ.

ಇನ್ನು ನಿಮ್ಮ ಎರಡು ಗಿಡಗಳ ವ್ಯತ್ಯಾಸಕ್ಕೆ ಬರೋಣ. ಹಸಿರು ನೆಲನೆಲ್ಲಿಯ ಕಾಯಿ ನುಣುಪಾಗಿದ್ದು ಒಂದೆರಡು ಮಿಲಿಮೀಟರ್ ಉದ್ದದ ತೊಟ್ಟಿನ ತುದಿಯಲ್ಲಿ ತೂಗುತ್ತದೆ. ಕೆಂಪು ನೆಲನೆಲ್ಲಿಯ ಕಾಯಿಗೆ ತೊಟ್ಟು ಇಲ್ಲವೆಂದೇ ಹೇಳಬಹುದು. ಅದು ಕಡ್ಡಿಗೆ ಅಂಟಿಕೊಂಡಂತೆ ಕೂತಿರುತ್ತದೆ ಮತ್ತು ಅದರ ಮೈ ತರಿತರಿಯಾಗಿರುತ್ತದೆ. ನಿಮ್ಮ ಬಳಿ ಭೂತಗನ್ನಡಿ ಇದ್ದರೆ ಬೀಜವನ್ನೂ ನೋಡಬಹುದು: ಹಸಿರಿನದರಲ್ಲಿ ಗೆರೆಗಳು ಉದ್ದಕ್ಕೆ, ಕೆಂಪಿನದರಲ್ಲಿ ಅಡ್ಡಕ್ಕೆ. ಹಸಿರಿನದರಲ್ಲಿ ಒಂದೇ ಕಂಕುಳಿನಲ್ಲಿ ಗಂಡುಹೂ, ಹೆಣ್ಣುಹೂ ಜೊತೆಯಾಗಿರುತ್ತವೆ. ಕೆಂಪಿನದರಲ್ಲಿ ಹೆಣ್ಣುಹೂಗಳು ಕಡ್ಡಿಯ ಬುಡದ ಕಡೆಗೂ ಗಂಡುಹೂಗಳು ತುದಿಯ ಕಡೆಗೂ ಬೇರೆಯಾಗಿ ಕೂತಿರುತ್ತವೆ.

ಮರದ ನೆಲ್ಲಿಯ ಕೊಂಬೆಯನ್ನೂ ಒಮ್ಮೆ ಇದೇ ಕಣ್ಣಿನಿಂದ ನೋಡಿ. ಅಲ್ಲೂ ಎಲೆಯಂತೆ ಕಾಣುವ ತೆಳು ಕಡ್ಡಿಗಳಿವೆ, ಕಾಯಿ ಕಟ್ಟುವುದೂ ಅವುಗಳ ಮೇಲೆಯೇ, ಉದುರುವಾಗಲೂ ಕಡ್ಡಿಗೆ ಕಡ್ಡಿಯೇ ಉದುರುತ್ತದೆ. ಗೇಣುದ್ದದ ಕಳೆಗೂ ಹತ್ತಾಳೆತ್ತರದ ಮರಕ್ಕೂ ಇರುವ ಈ ನಂಟನ್ನು ಕಂಡುಹಿಡಿದು ನೆಲನೆಲ್ಲಿ, ಕಿರುನೆಲ್ಲಿ ಎಂದು ಹೆಸರಿಟ್ಟವರು ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿತವರಲ್ಲ. ತಮಿಳರು ಇದನ್ನು ಕೀಳಾನೆಲ್ಲಿ ಎನ್ನುತ್ತಾರೆ. ಕೀಳ್ ಎಂದರೆ ಕೆಳಗೆ. ತೆಲುಗಿನವರಿಗೆ ಇದು ನೇಲ ಉಸಿರಿಕ, ಸಂಸ್ಕೃತದಲ್ಲಿ ಭೂಮ್ಯಾಮಲಕಿ. ಇಷ್ಟು ಭಾಷೆಗಳ ಜನ ಒಂದೇ ಹೋಲಿಕೆಯನ್ನು ಕಂಡಿದ್ದಾರೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಮರದ ನೆಲ್ಲಿಯನ್ನೂ ನೆಲದ ನೆಲ್ಲಿಯನ್ನೂ ಫಿಲಾಂಥಸ್ ಎಂಬ ಒಂದೇ ಕುಲಕ್ಕೆ ಸೇರಿಸಿದಾಗ ಶಾಸ್ತ್ರವೂ ಅದೇ ಮಾತಿಗೆ ಬಂದಂತಾಯಿತು.

ಪ್ರಶ್ನೆ: ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಹಳೆಯ ಪುಸ್ತಕಗಳಲ್ಲಿ ನೆಲನೆಲ್ಲಿಗೆ ಫಿಲಾಂಥಸ್ ನಿರೂರಿ ಎಂದಿದೆ, ಹೊಸ ಪುಸ್ತಕಗಳಲ್ಲಿ ಫಿಲಾಂಥಸ್ ಅಮರಸ್ ಎಂದಿದೆ. ಔಷಧದ ಡಬ್ಬಿಗಳ ಮೇಲೆ ಎರಡೂ ಇವೆ. ಯಾವುದು ಸರಿ? ಆಯುರ್ವೇದದ ತಾಮಲಕಿ ಇದೇ ಗಿಡವೇ?
– ಮಂಗಳೂರಿನ ಓದುಗರು

ಉತ್ತರ: ನಮ್ಮ ಅಂಗಳದ ಗಿಡಕ್ಕೆ ಫಿಲಾಂಥಸ್ ಅಮರಸ್ ಎಂಬುದೇ ಸರಿ. ಗೊಂದಲ ಹುಟ್ಟಿದ್ದು ಮುನ್ನೂರು ವರ್ಷಗಳಿಗೂ ಹಿಂದೆ, ಅದೂ ನಿಮ್ಮ ಕರಾವಳಿಯ ಸ್ವಲ್ಪ ದಕ್ಷಿಣಕ್ಕೆ. ಕೊಚ್ಚಿಯಲ್ಲಿ ಡಚ್ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಗಳನ್ನು ಕುರಿತು ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಹೋರ್ಟಸ್ ಮಲಬಾರಿಕಸ್‌ನಲ್ಲಿ ಈ ಗಿಡ ಕಿರ್ಗಾನೆಲಿ ಎಂಬ ಹೆಸರಿನಲ್ಲಿ ಚಿತ್ರಸಹಿತ ಬಂದಿದೆ. ಲಿನೇಯಸ್ ತಮ್ಮ ಫಿಲಾಂಥಸ್ ನಿರೂರಿ ಎಂಬ ಹೆಸರಿನಡಿಯಲ್ಲಿ ಅಮೆರಿಕದ ಒಂದು ಗಿಡವನ್ನೂ ಮಲಬಾರಿನ ಈ ಕಿರ್ಗಾನೆಲಿಯನ್ನೂ ಒಟ್ಟಿಗೆ ಸೇರಿಸಿಬಿಟ್ಟರು. ಅಲ್ಲಿಂದ ಇನ್ನೂರು ವರ್ಷ ಭಾರತದ ಪುಸ್ತಕಗಳೆಲ್ಲ ನಮ್ಮ ನೆಲನೆಲ್ಲಿಯನ್ನು ನಿರೂರಿ ಎಂದೇ ಕರೆದವು. ಅಮೆರಿಕದ ಸಸ್ಯವಿಜ್ಞಾನಿ ವೆಬ್‌ಸ್ಟರ್ 1950ರ ದಶಕದಲ್ಲಿ ಈ ಕುಲವನ್ನು ಕೂಲಂಕಷವಾಗಿ ಪರಿಶೀಲಿಸಿ, ನಿಜವಾದ ನಿರೂರಿ ಅಮೆರಿಕದ ಗಿಡವೆಂದು ತೋರಿಸಿದರು. ನಮ್ಮ ದೇಶದಲ್ಲಿ ಆ ಹೆಸರಿನಲ್ಲಿ ಓಡಾಡುತ್ತಿದ್ದದ್ದು ಒಂದೇ ಜಾತಿಯಲ್ಲ, ಅಮರಸ್, ಫ್ರೆಟರ್ನಸ್, ಡೆಬಿಲಿಸ್ ಎಂಬ ಮೂರು ಜಾತಿಗಳು ಎಂಬುದನ್ನು ಮಿತ್ರ ಮತ್ತು ಜೈನ್ ಎಂಬ ಭಾರತೀಯ ವಿಜ್ಞಾನಿಗಳು 1985ರಲ್ಲಿ ಸ್ಪಷ್ಟಪಡಿಸಿದರು. ಅಮರಸ್ ಮತ್ತು ಫ್ರೆಟರ್ನಸ್‌ಗಳನ್ನು ಬೇರ್ಪಡಿಸಲು ಹೂವನ್ನು ಎಣಿಸಬೇಕು: ಅಮರಸ್‌ಗೆ ಐದು ದಳ, ಫ್ರೆಟರ್ನಸ್‌ಗೆ ಆರು. ಅಂದಹಾಗೆ, ಅಮರಸ್ ಎಂಬುದಕ್ಕೂ ನಮ್ಮ ಅಮರ ಎಂಬ ಶಬ್ದಕ್ಕೂ ಸಂಬಂಧವಿಲ್ಲ, ಲ್ಯಾಟಿನ್ನಿನಲ್ಲಿ ಅದಕ್ಕೆ ಕಹಿ ಎಂದು ಅರ್ಥ. ಈ ಗಿಡದ ಎಲೆಯನ್ನು ಅಗಿದವರಿಗೆ ಆ ಹೆಸರು ಏಕೆಂದು ಹೇಳಬೇಕಾಗಿಲ್ಲ.

ಇದು ಬರಿಯ ಹೆಸರಿನ ಜಗಳವೆಂದು ದಯವಿಟ್ಟು ಭಾವಿಸಬೇಡಿ. ನೆಲನೆಲ್ಲಿಯ ಕಹಿಗೆ ಮುಖ್ಯ ಕಾರಣವೆಂದು ಹೇಳಲಾಗುವ, ಯಕೃತ್ತನ್ನು ಕಾಪಾಡುವ ಗುಣ ಉಳ್ಳದ್ದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿರುವ ಫಿಲಾಂಥಿನ್ ಎಂಬ ಅಂಶ ಅಮರಸ್‌ನಲ್ಲಿ ಹೇರಳವಾಗಿದೆ, ಅದರ ಹತ್ತಿರದ ನಂಟ ಜಾತಿಗಳಲ್ಲಿ ತೀರ ಕಡಿಮೆ ಅಥವಾ ಇಲ್ಲವೇ ಇಲ್ಲ. ದಕ್ಷಿಣ ಭಾರತದ 25 ಗಿಡಮೂಲಿಕೆ ಅಂಗಡಿಗಳಿಂದ ನೆಲನೆಲ್ಲಿಯನ್ನು ಕೊಂಡು ತಂದು, ರೂಪಲಕ್ಷಣ ಮತ್ತು ಡಿ.ಎನ್.ಎ. ಎರಡರಿಂದಲೂ ಪರೀಕ್ಷಿಸಿ, ಕರ್ನಾಟಕದ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಸುಮಾರು ಮುಕ್ಕಾಲು ಪಾಲು ಮಾದರಿಗಳಲ್ಲಿ ಇದ್ದದ್ದು ಬಹುತೇಕ ಅಮರಸ್ಸೇ. ಉಳಿದವುಗಳಲ್ಲಿ ಬೇರೆ ಜಾತಿಗಳು ಬೆರೆತಿದ್ದವು, ಒಟ್ಟು ಆರು ಜಾತಿಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಸಂಗ್ರಹಿಸುವವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಮಳೆಯಲ್ಲಿ ಬಗ್ಗಿ ಕಿಲೋಗಟ್ಟಲೆ ಕೀಳುವವರಿಗೆ ಎರಡು ಮಿಲಿಮೀಟರ್ ಹೂವಿನ ದಳ ಎಣಿಸುವ ಪುರುಸೊತ್ತು ಎಲ್ಲಿಂದ ಬರಬೇಕು?

ತಾಮಲಕಿಯ ವಿಷಯ ಇನ್ನೂ ಸೂಕ್ಷ್ಮವಾಗಿದೆ. ಪರಂಪರೆಯಲ್ಲಿ ತಾಮಲಕಿ, ಭೂಮ್ಯಾಮಲಕಿ ಎಂದರೆ ನೆಲನೆಲ್ಲಿಯೇ, ಅನುಮಾನವಿಲ್ಲ. ಆದರೆ ಅಮರಸ್ ಜಾತಿಯ ಮೂಲ ನೆಲೆ ಅಮೆರಿಕದ ಉಷ್ಣವಲಯವೆಂದೂ ಅದು ಅಲ್ಲಿಂದ ಜಗತ್ತಿನ ಬಿಸಿಪ್ರದೇಶಗಳಿಗೆಲ್ಲ ಹರಡಿತೆಂದೂ ಅನೇಕ ಸಸ್ಯವಿಜ್ಞಾನಿಗಳು ಭಾವಿಸುತ್ತಾರೆ. ಅದು ನಿಜವಾದರೆ ಚರಕರ ಕಾಲದ ವೈದ್ಯರು ಬಳಸಿದ ತಾಮಲಕಿ ಇಲ್ಲಿನದೇ ಆದ ಇನ್ನೊಂದು ಜಾತಿಯಾಗಿರಬೇಕು. ನನಗೆ ಇದಕ್ಕಿಂತ ಮಹತ್ವದ್ದಾಗಿ ಕಾಣುವ ಸಂಗತಿ ಇನ್ನೊಂದಿದೆ. ಚರಕಸಂಹಿತೆ ತಾಮಲಕಿಯನ್ನು ಎಣಿಸುವುದು ಕೆಮ್ಮು ಕಳೆಯುವ ಮತ್ತು ಉಬ್ಬಸ ಕಳೆಯುವ ದ್ರವ್ಯಗಳ ಗುಂಪಿನಲ್ಲಿ. ಚ್ಯವನಪ್ರಾಶದಲ್ಲಿಯೂ ಅದು ಸೇರುತ್ತದೆ. ಪಾಂಡುರೋಗ, ಬಾಯಾರಿಕೆ, ಪಿತ್ತ, ರಕ್ತದೋಷಗಳಿಗೆ ಅದು ಆಗುತ್ತದೆಂದು ಮುಂದೆ ಭಾವಪ್ರಕಾಶ ಹೇಳುತ್ತದೆ. ಇಂದು ನೆಲನೆಲ್ಲಿ ಎಂದೊಡನೆ ಕಾಮಾಲೆಯೊಂದೇ ನೆನಪಾಗುವುದರಲ್ಲಿ ಗ್ರಂಥಗಳ ಪಾಲಿಗಿಂತ ಹಳ್ಳಿಯ ನಾಟಿ ವೈದ್ಯರ ಪಾಲೇ ದೊಡ್ಡದು.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಮಗನಿಗೆ ಕಾಮಾಲೆಯಾದಾಗ ನಮ್ಮೂರ ಹಿರಿಯರೊಬ್ಬರು ನೆಲನೆಲ್ಲಿಯನ್ನು ಬೇರುಸಹಿತ ಅರೆದು ಹಸಿ ಹಾಲಿನಲ್ಲಿ ಏಳು ದಿನ ಬೆಳಿಗ್ಗೆ ಬರಿಹೊಟ್ಟೆಗೆ ಕೊಟ್ಟರು. ಉಪ್ಪು, ಎಣ್ಣೆ ಬಿಟ್ಟು ಪಥ್ಯ ಮಾಡಿಸಿದರು. ಅವನು ಗುಣವಾದ. ಈ ವರ್ಷ ನಮ್ಮ ಭಾವನವರಿಗೆ ಅದೇ ಮದ್ದು ಕೊಟ್ಟರೂ ಗುಣವಾಗಲಿಲ್ಲ, ಆಸ್ಪತ್ರೆಗೆ ಸೇರಿಸಬೇಕಾಯಿತು. ಮದ್ದಿನಲ್ಲಿ ತಪ್ಪಾಯಿತೇ? ನೀವು ಎಲ್ಲ ಕಾಮಾಲೆಗೂ ಅದೇ ಮದ್ದಲ್ಲ ಎಂದದ್ದು ಏಕೆ?
– ತೀರ್ಥಹಳ್ಳಿಯ ಓದುಗರು

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಾವನವರು ಚೇತರಿಸಿಕೊಳ್ಳುತ್ತಿದ್ದಾರೆಂದು ಕೊನೆಯಲ್ಲಿ ಬರೆದಿದ್ದೀರಿ, ಸಮಾಧಾನವಾಯಿತು. ತಪ್ಪು ಮದ್ದಿನದಾಗಿರಬೇಕಾಗಿಲ್ಲ. ಕಾಮಾಲೆ ಎಂಬುದು ಒಂದು ರೋಗದ ಹೆಸರಲ್ಲ, ಹಲವು ರೋಗಗಳು ಹೊರಗೆ ತೋರುವ ಒಂದೇ ಬಣ್ಣ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು ಪಿತ್ತದೊಂದಿಗೆ ಕರುಳಿಗೆ ಸಾಗಿಸುತ್ತದೆ. ರಕ್ತಕಣಗಳು ಅತಿಯಾಗಿ ಒಡೆದರೂ, ಯಕೃತ್ತು ಸೊರಗಿದರೂ, ಪಿತ್ತ ಹರಿಯುವ ನಾಳ ಕಟ್ಟಿಕೊಂಡರೂ ಆ ಹಳದಿ ರಕ್ತದಲ್ಲಿಯೇ ಉಳಿದು ಕಣ್ಣಿಗೆ, ಚರ್ಮಕ್ಕೆ ಏರುತ್ತದೆ. ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ನಮ್ಮ ಕಡೆ ಮಳೆಗಾಲದಲ್ಲಿ ಮಕ್ಕಳಿಗೂ ಹರೆಯದವರಿಗೂ ಬರುವ ಕಾಮಾಲೆ ಹೆಚ್ಚಾಗಿ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಇವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ವೈದ್ಯರೂ ವಿಶ್ರಾಂತಿ, ಸಾಕಷ್ಟು ನೀರು, ಹಿಡಿಸುವ ಆಹಾರಗಳ ಹೊರತು ವಿಶೇಷ ಔಷಧ ಕೊಡುವುದಿಲ್ಲ. ನಿಮ್ಮ ಮಗನಿಗೆ ಬಂದದ್ದು ಇದೇ ಆಗಿದ್ದರೆ, ನೆಲನೆಲ್ಲಿ ಅವನಿಗೆ ನೆರವಾಗಿರಬಹುದು, ಆಗಿರದಿರಲೂಬಹುದು. ಏಳು ದಿನದ ಮದ್ದೂ ರೋಗ ಇಳಿಯುವ ಕಾಲವೂ ಒಂದೇ ಆದಾಗ ಯಾವುದರಿಂದ ಏನಾಯಿತೆಂದು ಮನೆಯಲ್ಲಿ ಕೂತು ತೀರ್ಮಾನಿಸಲು ಬರುವುದಿಲ್ಲ. ಆದರೆ ಪಿತ್ತನಾಳಕ್ಕೆ ಕಲ್ಲು ಸಿಕ್ಕಿಕೊಂಡಾಗ, ಅಲ್ಲಿ ಗಡ್ಡೆ ಬೆಳೆದಾಗ, ಇಲಿಜ್ವರದಿಂದ ಕಾಮಾಲೆಯಾದಾಗ, ಮದ್ಯಪಾನದಿಂದ ಯಕೃತ್ತು ಗಟ್ಟಿಯಾದಾಗ ಎಲೆಮದ್ದು ಕುಡಿಯುತ್ತ ಕಾಯುವ ಒಂದೊಂದು ದಿನವೂ ಕೈಬಿಟ್ಟು ಹೋದ ದಿನ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಯೊಬ್ಬನ ತಂದೆ ನೋವಿಲ್ಲದ ಕಾಮಾಲೆಗೆ ಮೂರು ತಿಂಗಳು ಒಂದಾದ ಮೇಲೊಂದು ಕಡೆ ಮದ್ದು ಮಾಡಿಸಿದರು. ನಾಳದಲ್ಲಿ ಗಡ್ಡೆ ಇದೆ ಎಂದು ತಿಳಿಯುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು. ಆ ಹುಡುಗನೇ ನನ್ನ ತರಗತಿಗೆ ಪ್ರತಿವರ್ಷ ನೆಲನೆಲ್ಲಿಯ ಮಾದರಿ ತಂದುಕೊಡುತ್ತಿದ್ದವನು. ಕಳೆದ ಸಂಚಿಕೆಯ ಆ ಸಾಲನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅವರೇ.

ಹಾಗಾದರೆ ನೆಲನೆಲ್ಲಿಯಲ್ಲಿ ಸತ್ವವಿಲ್ಲವೇ ಎಂದರೆ, ಅದನ್ನು ಜಗತ್ತು ಗಂಭೀರವಾಗಿಯೇ ಪರೀಕ್ಷಿಸಿದೆ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದುದಕ್ಕಾಗಿ 1976ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಬರೂಕ್ ಬ್ಲೂಮ್‌ಬರ್ಗ್ ಮತ್ತು ಮದರಾಸಿನ ಎಸ್.ಪಿ. ತ್ಯಾಗರಾಜನ್ ಅವರ ತಂಡ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿತು. ಹೆಪಟೈಟಿಸ್ ಬಿ ವೈರಸ್ಸನ್ನು ದೀರ್ಘಕಾಲದಿಂದ ಮೈಯಲ್ಲಿ ಹೊತ್ತವರಿಗೆ ಫಿಲಾಂಥಸ್ ಅಮರಸ್ ಪುಡಿಯನ್ನು 200 ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಸಲ 30 ದಿನ ಕೊಟ್ಟಾಗ, 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತಾದ ಮೇಲ್ಮೈ ಪ್ರತಿಜನಕ ಕಾಣೆಯಾಗಿತ್ತು. ಹೋಲಿಕೆಗೆಂದು ಸತ್ವವಿಲ್ಲದ ಹುಸಿಮದ್ದು ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಹಳ್ಳಿಯ ಮದ್ದಿಗೆ ಇಷ್ಟು ದೊಡ್ಡ ಪುರಾವೆ ಸಿಕ್ಕಿತೆಂದು ಆಗ ನಾವೆಲ್ಲ ಹಿಗ್ಗಿದ್ದು ನೆನಪಿದೆ. ಆದರೆ ಮುಂದಿನ ವರ್ಷಗಳಲ್ಲಿ ಥಾಯ್ಲೆಂಡ್, ನ್ಯೂಜಿಲೆಂಡ್ ಮತ್ತು ನಮ್ಮ ದೇಶದಲ್ಲೇ ನಡೆದ ಪ್ರಯೋಗಗಳಲ್ಲಿ ಆ ಫಲ ಮರಳಿ ಬರಲಿಲ್ಲ. ಗಿಡದ ಜಾತಿ, ಬೆಳೆದ ನೆಲ, ಕಿತ್ತ ಕಾಲ ಬೇರೆಯಾದದ್ದೇ ಕಾರಣವೆಂದು ಕೆಲವರು ವಾದಿಸಿದರು. ಮೊದಲ ಅಧ್ಯಯನದಲ್ಲಿ ಜನರ ಸಂಖ್ಯೆಯೂ ಕಾದು ನೋಡಿದ ಅವಧಿಯೂ ಸಾಲದೆಂದು ಇನ್ನು ಕೆಲವರು ಹೇಳಿದರು. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆ, ಹೆಪಟೈಟಿಸ್ ಬಿಗೆ ಫಿಲಾಂಥಸ್ ಹುಸಿಮದ್ದಿಗಿಂತ ಮೇಲೆಂದು ಹೇಳಲು ಮನಗಾಣಿಸುವ ಪುರಾವೆ ಇಲ್ಲವೆಂದು ತೀರ್ಮಾನಿಸಿತು. ಈ ಗಿಡವನ್ನು ಇಷ್ಟು ಪ್ರೀತಿಸುವ ನನಗೂ ಆ ತೀರ್ಮಾನವನ್ನು ಒಪ್ಪದೆ ದಾರಿಯಿಲ್ಲ. ಹೆಪಟೈಟಿಸ್ ಬಿಯನ್ನು ತಡೆಯುವ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿಗೆ ಉಚಿತವಾಗಿ ಸಿಗುತ್ತದೆ. ಹಸುಗೂಸಿಗೆ ಈ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತರಷ್ಟು ಸಲ ಅದು ಮೈಯಲ್ಲೇ ಉಳಿದುಬಿಡುತ್ತದೆಯಾದ್ದರಿಂದ ಆ ಲಸಿಕೆಯನ್ನು ಯಾರೂ ತಪ್ಪಿಸಬಾರದು.

ಕಣ್ಣು ಹಳದಿಯಾದವರಿಗೆ ಮೊದಲು ರಕ್ತಪರೀಕ್ಷೆಯಾಗಲಿ, ಬಿಲಿರುಬಿನ್ ಎಷ್ಟಿದೆ, ಯಾವ ಬಗೆಯದು ಎಂದು ತಿಳಿಯಲಿ. ಜೊತೆಯಲ್ಲಿ ಮಂಪರು, ಮಾತಿನಲ್ಲಿ ಗೊಂದಲ, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಹೊಟ್ಟೆ ಊದಿಕೊಳ್ಳುವುದು, ಚಳಿಜ್ವರ, ಮಲ ಬಿಳಿಚಿ ಸುಣ್ಣದಂತಾಗಿ ಮೈಯೆಲ್ಲ ತುರಿಕೆ, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರ ವಿಷಯದಲ್ಲಿ ಯಾವ ಲಕ್ಷಣಕ್ಕೂ ಕಾಯಬಾರದು. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದ ಗರ್ಭಿಣಿಯರಲ್ಲಿ ನೂರಕ್ಕೆ 20ರಿಂದ 25 ಜನ ಸಾಯುವಷ್ಟು ಅದು ಕ್ರೂರವಾಗಬಲ್ಲದು. ಕಾಮಾಲೆಗೆಂದು ಕೈಗೆ ಬರೆ ಹಾಕಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರಿಂದ ಗಾಯವೂ ನಂಜೂ ಆಗುವುದಲ್ಲದೆ ಬೇರೇನೂ ಇಲ್ಲ.

ಹಸಿ ಹಾಲಿನ ಬಗ್ಗೆ ನೀವು ಕೇಳದಿದ್ದರೂ ಹೇಳುತ್ತೇನೆ. ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂತಹ ಜ್ವರಗಳು ಬರುತ್ತವೆ, ಸೊರಗಿದ ಯಕೃತ್ತಿಗೆ ಅದು ಇನ್ನೊಂದು ಹೊರೆ. ಕಾಯಿಸಿ ಆರಿಸಿದ ಹಾಲು ಅಥವಾ ಆ ಹಾಲಿನಿಂದ ಮಾಡಿದ ಮಜ್ಜಿಗೆಯಲ್ಲಿ ಕಲಸಿದರೆ ಮದ್ದಿಗೆ ಏನೂ ಕುಂದಿಲ್ಲ. ಪಥ್ಯದಲ್ಲಿ ಜಿಡ್ಡನ್ನು ಕಡಿಮೆ ಮಾಡುವುದು ವಾಕರಿಕೆ ಇರುವಷ್ಟು ದಿನ ಒಳ್ಳೆಯದೇ, ಆದರೆ ತಿಂಗಳುಗಟ್ಟಲೆ ಬರಿಯ ಗಂಜಿಯಲ್ಲಿ ಇರಿಸಿದರೆ ಚೇತರಿಸಿಕೊಳ್ಳಬೇಕಾದ ಮೈ ಬಡವಾಗುತ್ತದೆ.

ಪ್ರಶ್ನೆ: ಮೂತ್ರಪಿಂಡದ ಕಲ್ಲನ್ನು ನೆಲನೆಲ್ಲಿ ಕರಗಿಸುತ್ತದೆಯೇ? ನನಗೆ ಒಂಬತ್ತು ಮಿಲಿಮೀಟರ್ ಕಲ್ಲಿದೆ.
– ಬಳ್ಳಾರಿಯ ಓದುಗರು

ಉತ್ತರ: ದಕ್ಷಿಣ ಅಮೆರಿಕದಲ್ಲಿ ನಿಜವಾದ ನಿರೂರಿ ಜಾತಿಗೆ ಇರುವ ಹೆಸರೇ ಕಲ್ಲು ಒಡೆಯುವುದು ಎಂದು. ಬ್ರೆಜಿಲ್‌ನವರು ಅದನ್ನು ಕೆಬ್ರಾ ಪೆದ್ರಾ ಎನ್ನುತ್ತಾರೆ, ಪೆರುವಿನವರು ಚಾಂಕಾ ಪಿಯೆದ್ರಾ ಎನ್ನುತ್ತಾರೆ. ಆದರೆ ಅಲ್ಲಿಯ ಸಂಶೋಧಕರಿಗೆ ಪ್ರಯೋಗಾಲಯದಲ್ಲಿ ಕಂಡದ್ದು ಕಲ್ಲು ಒಡೆಯುವುದಾಗಲಿ ಕರಗುವುದಾಗಲಿ ಅಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಮೂತ್ರಪಿಂಡದ ಜೀವಕೋಶಗಳಿಗೆ ಅಂಟಿ ಒಳಸೇರುವುದನ್ನು ಗಿಡದ ಸಾರ ತಡೆಯುತ್ತದೆ ಎಂಬುದು ಅವರ ಕಾಣ್ಕೆ. ಕಲ್ಲನ್ನು ಆಘಾತ ತರಂಗದಿಂದ ಪುಡಿ ಮಾಡಿಸಿಕೊಂಡವರು ಆಮೇಲೆ ನಿರೂರಿಯ ಸಾರವನ್ನು ಸೇವಿಸಿದಾಗ, ಮೂತ್ರಪಿಂಡದ ಕೆಳಭಾಗದ ಚೂರುಗಳು ಹೆಚ್ಚಾಗಿ ಹೊರಹೋದವೆಂದು ಇಟಲಿಯ ಒಂದು ಅಧ್ಯಯನ 2006ರಲ್ಲಿ ವರದಿ ಮಾಡಿತು. ಇದು ನಮ್ಮ ಅಮರಸ್‌ಗೂ ಹಾಗೆಯೇ ಅನ್ವಯಿಸುತ್ತದೆಂದು ನಾನು ಹೇಳಲಾರೆ. ನಿಮ್ಮ ಒಂಬತ್ತು ಮಿಲಿಮೀಟರ್ ಕಲ್ಲು ತಾನಾಗಿ ಹೊರಬರುವ ಸಾಧ್ಯತೆ ಕಡಿಮೆಯಾದ್ದರಿಂದ ಮೂತ್ರರೋಗ ತಜ್ಞರನ್ನೇ ನಂಬಿ. ಬಳ್ಳಾರಿಯ ಬಿಸಿಲಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯುವುದು ಮರುಕಲ್ಲು ಕಟ್ಟದಿರಲು ಯಾವ ಗಿಡಕ್ಕಿಂತಲೂ ದೊಡ್ಡ ಮದ್ದು.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ನೆಲನೆಲ್ಲಿ ಬೇಕಾದಷ್ಟು ಬೆಳೆಯುತ್ತದೆ. ಒಣಗಿಸಿ ಪುಡಿ ಮಾಡಿ ವರ್ಷಕ್ಕೆ ಆಗುವಷ್ಟು ಇಟ್ಟುಕೊಳ್ಳಬಹುದೇ?
– ಶಿರಸಿಯ ಓದುಗರು

ಉತ್ತರ: ತೋಟದ್ದನ್ನು ಕೀಳುವ ಮೊದಲು ಒಂದು ಮಾತು. ಕೊಳೆರೋಗಕ್ಕೆಂದು ನೀವು ಮಳೆಗಾಲದ ಮೊದಲಿಗೂ ನಡುವಿಗೂ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರದಿಂದ ತೊಟ್ಟಿಕ್ಕುವ ಆ ದ್ರಾವಣವೆಲ್ಲ ಬೀಳುವುದು, ಅದೇ ತಿಂಗಳುಗಳಲ್ಲಿ ಬುಡದಲ್ಲಿ ಚಿಗುರುವ ನೆಲನೆಲ್ಲಿಯ ಮೇಲೆಯೇ. ತಾಮ್ರ ಹೆಚ್ಚಾದರೆ ಮೊದಲು ಪೆಟ್ಟು ತಿನ್ನುವುದು ಯಕೃತ್ತು. ಯಕೃತ್ತಿನ ಮದ್ದಿಗೆಂದು ತಾಮ್ರ ಅಂಟಿದ ಎಲೆಯನ್ನು ಅರೆದು ಕುಡಿಯುವುದು ಎಂಥ ಅನಾಹುತ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಳೆನಾಶಕ ಹೊಡೆದ ಜಾಗ, ರಸ್ತೆಯ ಅಂಚು, ಬಚ್ಚಲ ನೀರು ಹರಿಯುವ ಕಡೆ ಇವೂ ಬೇಡ. ಹಿತ್ತಿಲಲ್ಲಿ ಒಂದು ಮಡಿ ಇದಕ್ಕೆಂದೇ ಬಿಟ್ಟರೆ ಸಾಕು. ಬಲಿತ ಗಿಡಗಳನ್ನು ಕಾಗದದ ಮೇಲೆ ಹರಡಿದರೆ ಕಾಯಿಗಳು ಒಣಗಿ ಸಿಡಿದು ಬೀಜ ಉದುರುತ್ತದೆ. ಬೀಜ ತೀರ ಸಣ್ಣದು, ಮೊಳೆಯಲು ಬೆಳಕೂ ಬೇಕು. ಆದ್ದರಿಂದ ಮರಳಿನಲ್ಲಿ ಬೆರೆಸಿ ಒದ್ದೆ ಮಣ್ಣಿನ ಮೇಲೆ ಚೆಲ್ಲಿ, ಮಣ್ಣು ಮುಚ್ಚಬೇಡಿ.

ಫಿಲಾಂಥಿನ್ ಹೆಚ್ಚಾಗಿರುವುದು ಎಲೆಯಲ್ಲಿ, ಕಾಂಡದಲ್ಲಿ ಕಡಿಮೆ. ಗಿಡ ಹಚ್ಚಗೆ ಎಲೆ ತುಂಬಿ ಕಾಯಿ ಕಟ್ಟಿರುವಾಗ ಕಿತ್ತು, ಮಣ್ಣು ತೊಳೆದು, ನೆರಳಿನಲ್ಲಿ ಗಾಳಿಯಾಡುವಂತೆ ತೆಳುವಾಗಿ ಹರಡಿ ಒಣಗಿಸಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಅದು ಒಣಗುವ ಮೊದಲು ಬೂಸಲು ಹಿಡಿಯುವುದೇ ಹೆಚ್ಚು. ಬೂಸಲು ಕಂಡದ್ದನ್ನು ಒಣಗಿಸಿ ಉಳಿಸಿಕೊಳ್ಳಲು ನೋಡದೆ ಗೊಬ್ಬರಗುಂಡಿಗೆ ಹಾಕಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡಕ್ಕೂ ಮಾತ್ರೆ ನಡೆದಿದೆ. ಇಲ್ಲಿನ ಅಂಗಡಿಯಲ್ಲಿ ಸಿಗುವ ನೆಲನೆಲ್ಲಿ ಗುಳಿಗೆಯನ್ನು ಯಕೃತ್ತಿನ ಆರೋಗ್ಯಕ್ಕೆಂದು ದಿನಾ ತೆಗೆದುಕೊಳ್ಳಬಹುದೇ?
– ಮುಂಬಯಿಯ ಓದುಗರು

ಉತ್ತರ: ಕಾಯಿಲೆ ಇಲ್ಲದ ಯಕೃತ್ತಿಗೆ ದಿನವೂ ಮದ್ದು ಬೇಕಿಲ್ಲ. ನೆಲನೆಲ್ಲಿಗೆ ಮೂತ್ರ ಹೆಚ್ಚಿಸುವ ಗುಣ ಇದೆಯೆಂಬುದು ಹಳೆಯ ನಂಬಿಕೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ರಕ್ತದ ಸಕ್ಕರೆ ಇಳಿದದ್ದೂ ಉಂಟು. ಈಗಾಗಲೇ ಅದೇ ಕೆಲಸದ ಮಾತ್ರೆಗಳನ್ನು ನುಂಗುತ್ತಿರುವ ನೀವು ನಿಮ್ಮ ವೈದ್ಯರಿಗೆ ತಿಳಿಸದೆ ಇದನ್ನು ಸೇರಿಸಬೇಡಿ.

ಪ್ರಶ್ನೆ: ನಮ್ಮ ತವರಿನಲ್ಲಿ ಮಳೆಗಾಲದಲ್ಲಿ ನೆಲನೆಲ್ಲಿ ತಂಬುಳಿ ಮಾಡುತ್ತಿದ್ದರು. ನನಗೆ ಅದರ ಅಳತೆ ಮರೆತಿದೆ. ಮಾಡುವ ಬಗೆ ತಿಳಿಸುವಿರಾ? ಮಕ್ಕಳಿಗೂ ಕೊಡಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಇಷ್ಟು ಹೊತ್ತು ರೋಗದ ಮಾತನ್ನೇ ಆಡಿದ ಮೇಲೆ ನಿಮ್ಮ ಪತ್ರ ನನಗೆ ಹಿತವೆನಿಸಿತು. ಒಂದು ಹಿಡಿ ಎಳೆಯ ನೆಲನೆಲ್ಲಿಯನ್ನು, ಬೇರು ತೆಗೆದು, ಕಡ್ಡಿಸಹಿತ ಮೂರು ನೀರಿನಲ್ಲಿ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಆರೇಳು ಕಾಳುಮೆಣಸು ಹಾಕಿ, ಜೀರಿಗೆ ಸಿಡಿದ ಮೇಲೆ ಸೊಪ್ಪನ್ನು ಹಾಕಿ ಅದು ಚೆನ್ನಾಗಿ ಬಾಡುವವರೆಗೆ ಹುರಿಯಿರಿ. ಕಹಿ ತಗ್ಗುವುದು ಈ ಹುರಿತದಲ್ಲಿಯೇ, ಅವಸರ ಮಾಡಬೇಡಿ. ಆರಿದ ಮೇಲೆ ಅರ್ಧ ಬಟ್ಟಲು ಕಾಯಿತುರಿಯೊಂದಿಗೆ ನುಣ್ಣಗೆ ಅರೆದು, ಎರಡು ಲೋಟ ಸಿಹಿಮಜ್ಜಿಗೆಯಲ್ಲಿ ಕದಡಿ, ಉಪ್ಪು ಸೇರಿಸಿ. ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸುವುದಿಲ್ಲ. ಊಟದ ಮೊದಲ ಅನ್ನಕ್ಕೆ ಕಲಸಿಕೊಳ್ಳುವುದು ಮಲೆನಾಡಿನ ರೂಢಿ.

ದೊಡ್ಡ ಮಕ್ಕಳಿಗೆ ಎರಡು ಚಮಚ ಕೊಡಬಹುದು, ಇನ್ನೂ ಬೇಕೆಂದು ಅವರು ಕೇಳಲಾರರು. ಬಸುರಿಯರು ತಂಬುಳಿಯನ್ನೂ ಬಿಡುವುದು ಒಳ್ಳೆಯದು. ಸೊಪ್ಪು ಬೆಂಗಳೂರಿನಲ್ಲಿ ಹುಡುಕಬೇಕಾಗಿಲ್ಲ: ನರ್ಸರಿಯಿಂದ ತಂದ ಯಾವುದೇ ಹೂಕುಂಡದ ಮಣ್ಣಿನಲ್ಲಿ ಎರಡು ಮಳೆಯ ಮೇಲೆ ಅದು ತಾನಾಗಿ ಏಳುತ್ತದೆ. ಕುಂಡದ ಗಿಡಕ್ಕೆ ಔಷಧಿ ಸಿಂಪಡಿಸಿಲ್ಲವೆಂಬುದು ಖಾತ್ರಿಯಿದ್ದರೆ, ಮತ್ತು ಕಡ್ಡಿಯನ್ನು ಮಗುಚಿ ನೋಡಿದಾಗ ಅಡಿಯಲ್ಲಿ ನುಣುಪಾದ ಕಾಯಿಗಳು ತೊಟ್ಟಿನಿಂದ ತೂಗುತ್ತಿದ್ದರೆ, ಅದನ್ನೇ ಬಳಸಿ.